ಎರಡೂರಿನ ಒಂದು ಸಂಸಾರ: ಬೆಂಗಳೂರಿಗೆ ಗುಳೆ ಬಂದ ಕುಟುಂಬಗಳ ಸಮೀಕ್ಷೆ ಮಾಡುವ ಬಗೆ

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದ ಕುಟುಂಬಗಳನ್ನು ಅಧ್ಯಯನ ಮಾಡಲು ಹೊರಟವರು ಮೊದಲು ಎಡವುವುದು ತೀರಾ ಸರಳವೆನಿಸುವ ಪ್ರಶ್ನೆಯಲ್ಲಿ: ‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಗಂಡ, ಹೆಂಡತಿ, ಕೈಗೂಸು ಇಲ್ಲಿ ನೀಲಿ ಟಾರ್ಪಾಲಿನ ಗುಡಿಸಲಲ್ಲಿದ್ದಾರೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ. ರೇಷನ್ ಕಾರ್ಡು, ವೋಟು, ಎರಡೆಕರೆ ಹೊಲ, ಹೊಲದ ಮೇಲಿನ ಸಾಲ ಎಲ್ಲವೂ ಅಲ್ಲೇ. ಮೂರು ಎಂದು ಬರೆದರೆ ಅರ್ಧ ಸಂಸಾರ ಬಿಟ್ಟುಹೋಯಿತು. ಆರು ಎಂದು ಬರೆದರೆ ಇಲ್ಲಿನ ಒಲೆಯ ಲೆಕ್ಕ ಕೆಟ್ಟಿತು. ಈ ಕುಟುಂಬ ಎರಡೂರಲ್ಲಿ ಬದುಕುತ್ತದೆ, ಹಾಗಾಗಿ ಸಮೀಕ್ಷೆಯ ಪ್ರತಿಯೊಂದು ಅಳತೆಯೂ ಎರಡೂ ಕಡೆ ಮುಟ್ಟಬೇಕು. ಎಂ.ಎ., ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಸಣ್ಣ ತಂಡ ಕಟ್ಟಿಕೊಂಡು ಸಮೀಕ್ಷೆಗೆ ಇಳಿಯುವ ಸಂಘಟನೆಗಳಿಗೂ ಇದನ್ನು ಬರೆದಿದೆ.

ವಲಸೆಯ ಲೆಕ್ಕ ಯಾವುದು

ಜನಗಣತಿ ಎರಡು ಬಗೆಯಲ್ಲಿ ಕೇಳುತ್ತದೆ: ಹುಟ್ಟಿದ ಊರು ಯಾವುದು, ಇದಕ್ಕೆ ಮುಂಚೆ ವಾಸವಿದ್ದ ಊರು ಯಾವುದು. ಈ ಲೆಕ್ಕದಲ್ಲಿ ಪಕ್ಕದ ಹಳ್ಳಿಗೆ ಸೊಸೆಯಾಗಿ ಹೋದವಳೂ ವಲಸಿಗಳೇ. 2011ರಲ್ಲಿ ದೇಶದ ವಲಸಿಗರ ಸಂಖ್ಯೆ 45 ಕೋಟಿ ದಾಟಿದ್ದು, ಅದರಲ್ಲಿ ಮದುವೆಯೇ ಅತಿ ದೊಡ್ಡ ಕಾರಣವಾಗಿದ್ದು ಇದರಿಂದಲೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತು (2007–08) ಬೇರೆ ಅಳತೆ ಹಿಡಿಯಿತು: ಹಿಂದಿನ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದೆ, ಆರು ತಿಂಗಳಿಗಿಂತ ಕಡಿಮೆ ಊರು ಬಿಟ್ಟಿದ್ದವರು ಅಲ್ಪಾವಧಿ ವಲಸಿಗರು. ತೊಗರಿ ರಾಶಿ ಮುಗಿಸಿ ಬಂದು, ಮುಂಗಾರು ಬಿತ್ತನೆಗೆ ವಾಪಸು ಹೋಗುವ ಕುಟುಂಬ ಈ ಗೆರೆಯ ಮೇಲೇ ನಿಲ್ಲುತ್ತದೆ. ಒಂದು ವರ್ಷ ಲೆಕ್ಕಕ್ಕೆ ಬರುತ್ತದೆ, ಮರುವರ್ಷ ಬರುವುದಿಲ್ಲ.

ಆದ್ದರಿಂದ ಯಾರು ವಲಸಿಗರು ಎಂಬ ತೀರ್ಮಾನವನ್ನು ಗುಡಿಸಲ ಬಾಗಿಲಲ್ಲಿ ಮಾಡಬೇಡಿ. ಬಂದ ದಿನ, ಹೋದ ದಿನ, ಊರು, ತಾಲ್ಲೂಕು ಬರೆದುಕೊಳ್ಳಿ. ಅವು ಕೈಯಲ್ಲಿದ್ದರೆ ಯಾವ ವ್ಯಾಖ್ಯೆಗೆ ಬೇಕಾದರೂ ಆಮೇಲೆ ಲೆಕ್ಕ ಹಾಕಬಹುದು. ಜಿಲ್ಲೆಯ ಹೆಸರನ್ನು ಮಾತ್ರ ನಂಬಬೇಡಿ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವ ಮುಂಚೆ ಹುಟ್ಟಿದವರು ಈಗಲೂ ‘ಗುಲ್ಬರ್ಗಾ ಜಿಲ್ಲೆ’ ಎನ್ನುತ್ತಾರೆ. ಹೊಸಪೇಟೆ ಕಡೆಯವರಲ್ಲಿ ಕೆಲವರು ಬಳ್ಳಾರಿ ಎಂದರೆ ಕೆಲವರು 2021ರಲ್ಲಾದ ವಿಜಯನಗರ ಎನ್ನುತ್ತಾರೆ. ಹಳ್ಳಿ, ತಾಲ್ಲೂಕು ಎರಡನ್ನೂ ಬರೆದುಕೊಂಡು, 2011ರ ಜನಗಣತಿಯ ಗಡಿಗೆ ಹೊಂದಿಸುವ ಕೆಲಸವನ್ನು ಕೋಣೆಯಲ್ಲಿ ಕೂತು ಮಾಡಿ. ತಾಲ್ಲೂಕು ಗೊತ್ತಿದ್ದರೆ ಇನ್ನೊಂದು ಅನುಕೂಲವಿದೆ: ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವು ಎಂದು ಗುರುತಿಸಿದ 114 ತಾಲ್ಲೂಕುಗಳ ಪಟ್ಟಿಗೆ ನಿಮ್ಮ ಕುಟುಂಬಗಳನ್ನು ಜೋಡಿಸಿ ನೋಡಬಹುದು.

ಪಟ್ಟಿಯೇ ಇಲ್ಲದವರ ಪಟ್ಟಿ

ಬೆಂಗಳೂರಿನ ಮತದಾರರ ಪಟ್ಟಿಯಲ್ಲಿ ಇವರಿಲ್ಲ, ಘೋಷಿತ ಕೊಳೆಗೇರಿಗಳ ಪಟ್ಟಿಯಲ್ಲೂ ಬಹುಪಾಲು ಇಲ್ಲ. ಪಟ್ಟಿಯನ್ನು ನೀವೇ ಕಟ್ಟಬೇಕು. ಮೂರು ಬಗೆಯ ವಾಸವನ್ನು ಬೇರೆ ಬೇರೆಯಾಗಿ ಹುಡುಕಿ.

ಖಾಲಿ ಸೈಟಿನ ಗುಡಿಸಲುಗಳು ಉಪಗ್ರಹ ಚಿತ್ರದಲ್ಲಿ ನೀಲಿ ಚುಕ್ಕೆಗಳಾಗಿ ಕಾಣುತ್ತವೆ. ಚಿತ್ರ ತೆಗೆದ ತಾರೀಖು ನೋಡಿ, ಆರು ತಿಂಗಳು ಹಳೆಯದಾದರೆ ಸ್ಥಳಕ್ಕೇ ಹೋಗಿ ಖಚಿತಪಡಿಸಿಕೊಳ್ಳಿ. ಬಿಲ್ಡರುಗಳ ಲೇಬರ್ ಶೆಡ್ಡುಗಳು ಗೇಟಿನೊಳಗಿರುತ್ತವೆ. ಗುತ್ತಿಗೆದಾರನ ಅನುಮತಿ ಬೇಕು, ಆದರೆ ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರುವಾಗ ಕೇಳಿದ ಕೂಲಿಯ ಲೆಕ್ಕ ಯಾವ ಕೆಲಸಕ್ಕೂ ಬಾರದು. ಹೊರಗಿನ ಚಹಾ ಅಂಗಡಿಯ ಬಳಿ ಕರೆದು ಮಾತಾಡಿಸಿ. ಮೂರನೆಯದು ವಠಾರದ ಒಂಟಿ ಕೋಣೆಗಳು. ಹೆಚ್ಚಿನ ಅಧ್ಯಯನಗಳು ಇವನ್ನೇ ಬಿಟ್ಟುಬಿಡುತ್ತವೆ, ಏಕೆಂದರೆ ಇವು ಹೊರಗಿನಿಂದ ಕಾಣುವುದಿಲ್ಲ. ಗುಡಿಸಲು ಬಿಟ್ಟು ಕೋಣೆ ಹಿಡಿಯುವಷ್ಟು ನೆಲೆ ಕಂಡುಕೊಂಡವರು ಇರುವುದು ಮಾತ್ರ ಇಲ್ಲಿಯೇ. ಇವರನ್ನು ಬಿಟ್ಟು ‘ಇಪ್ಪತ್ತು ವರ್ಷವಾದರೂ ಯಾರೂ ಮೇಲೇರಿಲ್ಲ’ ಎಂದು ಬರೆದರೆ ಆ ಮಾತು ಸುಳ್ಳಾಗುತ್ತದೆ.

ಎಷ್ಟು ಕುಟುಂಬ ಬೇಕು? ಶೇ 95 ಭರವಸೆಯಲ್ಲಿ (ನೂರು ಸಲ ಹೀಗೆ ಆರಿಸಿದರೆ 95 ಸಲ ಸರಿ ಬರುವಂತೆ), ಶೇ 7ರಷ್ಟು ಹೆಚ್ಚುಕಡಿಮೆ ಸಾಕೆಂದರೆ, ಬಿಡಿಬಿಡಿಯಾಗಿ ಆರಿಸಿದ 196 ಕುಟುಂಬ ಸಾಕು. ಆದರೆ ಒಂದು ಗುಡಿಸಲುಗೇರಿಯಲ್ಲಿ ಇರುವವರು ಹೆಚ್ಚಾಗಿ ಒಂದೇ ತಾಂಡಾದವರು, ಒಬ್ಬನೇ ಮೇಸ್ತ್ರಿಯ ಕೈಕೆಳಗಿನವರು. ಒಬ್ಬರನ್ನು ಕೇಳಿದರೆ ಪಕ್ಕದವರ ಉತ್ತರವೂ ಅರ್ಧ ಗೊತ್ತಾದಂತೆ. ಈ ಸಾಮ್ಯವನ್ನು (0 ಎಂದರೆ ಸಾಮ್ಯವೇ ಇಲ್ಲ, 1 ಎಂದರೆ ಎಲ್ಲರದೂ ಒಂದೇ ಉತ್ತರ) 0.1 ಎಂದು ಹಿಡಿದರೆ, ಕೇರಿಗೆ 10 ಕುಟುಂಬ ಆರಿಸುವಾಗ ಗಾತ್ರವನ್ನು 1 + (9 × 0.1) = 1.9ರಿಂದ ಗುಣಿಸಬೇಕು. 372 ಆಯಿತು. ಹತ್ತರಲ್ಲಿ ಒಬ್ಬರು ಸಿಗುವುದಿಲ್ಲ ಎಂದು ಹಿಡಿದರೆ 414, ಅಂದರೆ 42 ಕೇರಿ. ಕೇರಿಗೆ 20ರಂತೆ ಆರಿಸಿದರೆ ಗುಣಕ 2.9 ಆಗಿ, 630ಕ್ಕೂ ಹೆಚ್ಚು ಕುಟುಂಬ ಆರಿಸಿದರೂ ಸಿಗುವುದು ಅಷ್ಟೇ ನಿಖರತೆ. ಕೇರಿಗಳು ಹೆಚ್ಚಿರಲಿ, ಒಂದೊಂದರಲ್ಲಿ ಮನೆಗಳು ಕಡಿಮೆಯಿರಲಿ.

ಆರಿಸಿದ ಮನೆಗೆ ಬೀಗವಿದ್ದರೆ ಪಕ್ಕದ ಮನೆಗೆ ಹೋಗಬೇಡಿ. ಹಗಲು ಹೊತ್ತು ಸಿಗುವವರು ಬಾಣಂತಿಯರು, ಕಾಯಿಲೆಯವರು, ವಯಸ್ಸಾದವರು. ಅವರಿಂದಲೇ ತುಂಬಿದ ಮಾದರಿಯಲ್ಲಿ ದುಡಿಯುವವರೇ ಇರುವುದಿಲ್ಲ. ಸಂಜೆ ಆರೂವರೆಯ ಮೇಲೆ ಒಮ್ಮೆ, ಭಾನುವಾರ ಒಮ್ಮೆ, ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಒಮ್ಮೆ, ಹೀಗೆ ಮೂರು ಸಲ ಹೋಗಿ ನೋಡಿದ ಮೇಲಷ್ಟೇ ಬಿಡಿ. ಕಾಲವನ್ನೂ ನೋಡಿಕೊಳ್ಳಿ. ಯುಗಾದಿ, ಊರ ಜಾತ್ರೆ, ಜೂನ್–ಜುಲೈನ ಬಿತ್ತನೆ, ಚುನಾವಣೆ, ಇವುಗಳಲ್ಲಿ ಗುಡಿಸಲು ಖಾಲಿ. ಕಲ್ಯಾಣ ಕರ್ನಾಟಕದಲ್ಲಿ ಹಿಂದೂಗಳೂ ಮೊಹರಂನ ಅಲಾಯಿ ದೇವರಿಗೆಂದು ಊರಿಗೆ ಹೋಗುತ್ತಾರೆ. ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಕಳೆದ ವರ್ಷದ ವೇಳಾಪಟ್ಟಿ ಈ ವರ್ಷಕ್ಕೆ ನಡೆಯದು.

ಹಬ್ಬಗಳ ಪಟ್ಟಿ, ಎರಡು ಸದಸ್ಯರ ಪಟ್ಟಿ

‘ಕಳೆದ ವರ್ಷ ಯಾವ ತಿಂಗಳು ಎಲ್ಲಿದ್ದಿರಿ?’ ಎಂದು ಕೇಳಿದರೆ ‘ಇಲ್ಲೇ’ ಎಂಬ ಒಂದೇ ಉತ್ತರ ಬರುತ್ತದೆ. ಎ4 ಹಾಳೆಯನ್ನು ಅಡ್ಡ ಹಿಡಿದು ಹನ್ನೆರಡು ಮನೆ ಹಾಕಿ, ಮೇಲೆ ಹಬ್ಬಗಳನ್ನು ಬರೆಯಿರಿ: ಯುಗಾದಿ, ಬಸವ ಜಯಂತಿ, ಕಾರಹುಣ್ಣಿಮೆ, ನಾಗರಪಂಚಮಿ, ಗಣೇಶ ಚೌತಿ, ದಸರೆ, ದೀಪಾವಳಿ, ಎಳ್ಳಮಾವಾಸ್ಯೆ, ಸಂಕ್ರಾಂತಿ, ಹೋಳಿ. ಅಡಿಯಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು. ಇತ್ತೀಚಿನ ಹಬ್ಬದಿಂದ ಹಿಂದಕ್ಕೆ ಹೋಗಿ: ‘ಹೋಳಿಗಿ ಎಲ್ಲಿದ್ರಿ? ಎಳ್ಳಮಾಸಿಗಿ ಹೊಲಕ್ಕ ಚರಗ ಚೆಲ್ಲಾಕ ಹೋಗಿದ್ರೇನು? ಎಷ್ಟ ದಿನ ಇದ್ರಿ?’ ಚರಗದ (ಹೊಲದಲ್ಲಿ ಚೆಲ್ಲುವ ಎಡೆಯ) ಮಾತು ಬಂದರೆ ಹೊಲ ಇದೆಯೋ, ಪಾಲಿಗೆ ಕೊಟ್ಟಿದ್ದಾರೋ ಎಂಬುದೂ ತಾನಾಗಿ ಹೊರಬರುತ್ತದೆ. ಒಬ್ಬರ ಸಾಲು ತುಂಬಲು ಮೂರು ನಾಲ್ಕು ನಿಮಿಷ ಸಾಕು. ಗಂಡ ಹೆಂಡತಿಯನ್ನು ಒಂದೇ ಸಾಲಿಗೆ ಸೇರಿಸಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಗಂಡಸರಿಗೆ ಇದೆ. ಓಡಾಟ ಇಬ್ಬರದೂ ಒಂದೇ ಎಂದು ಹಿಡಿಯಲಾಗದು.

ಇನ್ನು ಸದಸ್ಯರ ಪಟ್ಟಿ. ಎರಡು ಮಾಡಿ: ಒಂದರಲ್ಲಿ ಇಲ್ಲಿ ಒಂದೇ ಒಲೆಯಲ್ಲಿ ಉಣ್ಣುವವರು; ಇನ್ನೊಂದರಲ್ಲಿ ಊರಲ್ಲಿದ್ದು ಈ ದುಡಿಮೆಯಲ್ಲಿ ಉಣ್ಣುವವರು ಅಥವಾ ಇವರ ಮಕ್ಕಳನ್ನು ಸಾಕುವವರು. ಎರಡಕ್ಕೂ ವಯಸ್ಸು, ಓದು, ಕೆಲಸದ ಕಾಲಂ ಒಂದೇ ತೆರನಾಗಿರಲಿ. ಮಕ್ಕಳಿಗೆ ಮಾತ್ರ ಮೂರು ಪ್ರಶ್ನೆ ಹೆಚ್ಚು: ಹೆಸರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಕಳೆದ ಕೆಲಸದ ದಿನ ಎಲ್ಲಿ ಕೂತಿದ್ದ, ಯಾವ ತರಗತಿ. ‘ಸಾಲಿಗಿ ಹೋಗ್ತಾನ’ ಎಂಬ ಉತ್ತರದ ಹಿಂದೆ ಹಾಜರಿ ಪುಸ್ತಕ ಸುರಪುರದಲ್ಲಿ, ಹುಡುಗ ವೈಟ್‌ಫೀಲ್ಡಿನ ಸೈಟಿನಲ್ಲಿ ತಂಗಿಯನ್ನು ಎತ್ತಿಕೊಂಡು ಇರುವುದುಂಟು. ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು 4ನೇ ಕಲಂ. ಸೇರಿಸಲು ಹೋದಾಗ ಏನು ಹೇಳಿ ಕಳುಹಿಸಿದರು ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ದುಡ್ಡಿನ ಲೆಕ್ಕ

ತಿಂಗಳ ಆದಾಯ ಕೇಳಬೇಡಿ, ಆ ಲೆಕ್ಕ ಅವರ ಬದುಕಿನಲ್ಲಿಲ್ಲ. ಬಟವಾಡೆ ವಾರಕ್ಕೊಮ್ಮೆ. ಕಳೆದ ಏಳು ದಿನ ಒಂದೊಂದಾಗಿ: ಕೆಲಸ ಇತ್ತೇ, ಏನು ಕೆಲಸ, ಪಗಾರ ಎಷ್ಟು, ಕೈಗೆ ಬಂದಿದ್ದೆಷ್ಟು. ಕೊನೆಯ ಎರಡರ ನಡುವಿನ ಅಂತರವೇ ಮುಖ್ಯ, ಮೇಸ್ತ್ರಿ ಮುಂಗಡಕ್ಕೆ ಹಿಡಿದುಕೊಂಡ ಹಣ ಅಲ್ಲಿದೆ. ಗಂಡ ಹೆಂಡತಿ ಜೋಡಿಯಾಗಿ ದುಡಿಯುವ ಕಡೆ ಆಕೆಯ ಕೂಲಿಯೂ ಗಂಡನ ಕೈಗೇ ಬರುತ್ತದೆ. ಆಕೆಯ ದರವನ್ನು ಆಕೆಯನ್ನೇ, ಹೆಣ್ಣು ಸಂದರ್ಶಕಿಯೇ ಕೇಳಲಿ.

ಖರ್ಚಿನಲ್ಲಿ ಬಿಟ್ಟುಹೋಗುವುದು ಗುಡಿಸಲು ಹಾಕಿದ ಜಾಗದ ಬಾಡಿಗೆ, ಟ್ಯಾಂಕರ್ ನೀರು, ಪಕ್ಕದಿಂದ ಎಳೆದ ಕರೆಂಟಿನ ದುಡ್ಡು. ಆದಾಯದಲ್ಲಿ ಬಿಟ್ಟುಹೋಗುವುದು ಊರಿನ ಕಡೆಯದು. ಗೃಹಲಕ್ಷ್ಮಿಯ 2,000 ರೂಪಾಯಿ ರೇಷನ್ ಕಾರ್ಡಿನ ಯಜಮಾನಿಗೆ ಹೋಗುತ್ತದೆ, ಆಕೆ ಹೆಚ್ಚಾಗಿ ಊರಲ್ಲಿರುವ ಅತ್ತೆ. ಅಕ್ಕಿಯ ವಿಷಯದಲ್ಲಿ ‘ಕಾರ್ಡ್ ಇದೆಯಾ’ ಎಂಬುದಷ್ಟೇ ಸಾಲದು. ಕಳೆದ ತಿಂಗಳು ಯಾವ ಊರಿನ ಅಂಗಡಿಯಲ್ಲಿ ಎತ್ತಿದರು, ಬೆರಳಚ್ಚು ಯಾರು ಕೊಟ್ಟರು, ಇಲ್ಲಿ ಅಕ್ಕಿ ಕೊಂಡಿದ್ದೆಷ್ಟು ಎಂದು ಕೇಳಿ.

ಆಸ್ತಿಯ ಸೂಚ್ಯಂಕವನ್ನು ಬೆಂಗಳೂರಿನ ಗುಡಿಸಲು ನೋಡಿ ಕಟ್ಟಿದರೆ ಎಲ್ಲರೂ ಒಂದೇ ಬಡವರು. ಊರಿನ ಕಡೆಯೂ ಕೇಳಿದಾಗ ಒಬ್ಬರಿಗೆ ಅಲ್ಲಿ ಆರ್‌ಸಿಸಿ ಮನೆ ಎದ್ದಿರುತ್ತದೆ, ಇನ್ನೊಬ್ಬರಿಗೆ ಇದ್ದ ಹೊಲವೂ ಸಾಲಕ್ಕೆ ಹೋಗಿರುತ್ತದೆ. ಒಳಗಿನ ಅಸಮಾನತೆ ಅಲ್ಲಿದೆ.

ಒಳಗೊಳ್ಳುವಿಕೆಯನ್ನು ಅಳೆಯುವುದು

‘ಬೆಂಗಳೂರು ನಿಮ್ಮದು ಅನ್ನಿಸುತ್ತದೆಯೇ?’ ಎಂಬ ಪ್ರಶ್ನೆಗೆ ಜನ ಮರ್ಯಾದೆಗೆ ಹೌದು ಎನ್ನುತ್ತಾರೆ. ನಡೆದುಹೋದದ್ದನ್ನು ಕೇಳಿ. ಹಿಂದಿನ ಸಲ ರಾತ್ರಿ ಮಗುವಿಗೆ ಜ್ವರ ಬಂದಾಗ ಮೊದಲು ಯಾರಿಗೆ ಫೋನ್ ಮಾಡಿದಿರಿ? ಅವರು ನಿಮ್ಮ ಊರವರೋ, ಇಲ್ಲಿಯವರೋ? ತಾಯಿ ಕಾರ್ಡ್ (ಬಸುರಿಯ ಆರೋಗ್ಯ ಕಾರ್ಡು) ಎಲ್ಲಿ ಮಾಡಿಸಿದಿರಿ? 500 ರೂಪಾಯಿ ಕೈಗಡ ಕೊಟ್ಟವರಾರು? ಮನೆಯಲ್ಲಿ ತೀರಿಕೊಂಡವರನ್ನು ಎಲ್ಲಿ ಮಣ್ಣು ಮಾಡಿದಿರಿ? ಈ ಕೊನೆಯ ಪ್ರಶ್ನೆ ನೋವಿನದು. ಮಾತು ತಾನಾಗಿ ಅತ್ತ ಹೋದಾಗ ಮಾತ್ರ ಕೇಳಿ.

ಪ್ರಶ್ನೆಯ ಹೊರೆಯೆಲ್ಲ ಕುಟುಂಬದ ಮೇಲೆಯೇ ಬೀಳಬಾರದು, ನಿಯಮಗಳನ್ನೂ ಪ್ರಶ್ನಿಸಬೇಕು. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ ಬೇಕು. ಸೈಟಿನಿಂದ ಸೈಟಿಗೆ ಹೋಗುವವರಿಗೆ ಆ 90 ದಿನಕ್ಕೆ ಸಹಿ ಹಾಕುವವರು ಯಾರು? 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗುವವರೆಗೆ ಇದ್ದ 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗಾಗಿ ಬಂದದ್ದು. ಗುತ್ತಿಗೆದಾರ 40 ಕಿ.ಮೀ. ದೂರದ ಹೊಸೂರಿನಿಂದ ಕರೆತಂದವರು ಅದರ ವ್ಯಾಖ್ಯೆಯೊಳಗಿದ್ದರು, ಸುಮಾರು 500 ಕಿ.ಮೀ. ದೂರದ ಯಾದಗಿರಿಯವರು ಹೊರಗಿದ್ದರು.

ಜಾತಿಯನ್ನು ಎಸ್‌ಸಿ, ಎಸ್‌ಟಿ, ಒಬಿಸಿ ಎಂಬ ಮೂರು ಚೌಕದಲ್ಲಿ ಕೇಳಬೇಡಿ, ಹೆಸರನ್ನೇ ಬರೆದುಕೊಳ್ಳಿ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಸಂವಿಧಾನದ 341 ಮತ್ತು 342ನೇ ವಿಧಿಗಳ ಪಟ್ಟಿಗಳು ರಾಜ್ಯವಾರು; ಗಡಿ ದಾಟಿ ತೆಲಂಗಾಣದ ನಾರಾಯಣಪೇಟೆಯಿಂದ ಬಂದ ಕುಟುಂಬದ ಪ್ರಮಾಣಪತ್ರ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ. ಮನೆಮಾತಿನ ಕಾಲಂನಲ್ಲೂ ಹೀಗೇ: ‘ಕನ್ನಡ’ ಎಂದು ಬರೆದು ಮುಂದೆ ಹೋದರೆ ಲಂಬಾಣಿ, ದಖನಿ ಉರ್ದು, ತೆಲುಗು ಮರೆಯಾಗುತ್ತವೆ.

ಹೋಲಿಕೆ ಇಲ್ಲದೆ ವಲಸೆಯಿಂದ ಏನಾಯಿತೆಂದು ಹೇಳಲಾಗದು. ಹಣ ಕಡಿಮೆಯಿದ್ದರೆ ಊರಲ್ಲೇ ಉಳಿದ ಅಣ್ಣ ತಮ್ಮಂದಿರ ಮನೆಗಳನ್ನು ಹೋಲಿಕೆಗೆ ಆರಿಸಿ: ಅದೇ ಅಪ್ಪನ ಹೊಲ, ಅದೇ ಜಾತಿ, ಅದೇ ಶಾಲೆ. ಜೊತೆಗೆ, ಬಂದು ಸೋತು ವಾಪಸಾದವರನ್ನು ಅಲ್ಲೇ ಹುಡುಕಿ. ಬೆಂಗಳೂರಿನಲ್ಲಿ ನಿಮಗೆ ಸಿಗುವವರು ಉಳಿದುಕೊಂಡವರು ಮಾತ್ರ.

ಮಾತು ಮತ್ತು ಎಚ್ಚರ

‘ವಲಸೆ’ ಪತ್ರಿಕೆಯ ಮಾತು. ‘ದುಡ್ಯಾಕ ಬಂದು ಎಷ್ಟ ದಿನಾ ಆತ್ರೀ?’ ಎಂದು ಕೇಳಿ. ಆ ಕಡೆಯ ಕನ್ನಡ ಬಲ್ಲ ಸಂದರ್ಶಕರಿದ್ದರೆ ಅರ್ಧ ಕೆಲಸ ಆದಂತೆ. ಹಿರಿಯ ಹೆಂಗಸರಿಗೆ ‘ಯವ್ವಾ’, ಓರಗೆಯವರಿಗೆ ‘ಅಕ್ಕಾರ’, ಗಂಡಸರಿಗೆ ‘ಅಣ್ಣಾರ’. ಸಂದರ್ಶನ 40 ನಿಮಿಷ ಮೀರದಿರಲಿ, ಅದು ಅಡುಗೆಯ ಹೊತ್ತು.

ಮೊದಲೇ ಹೇಳಬೇಕಾದ ಮೂರು ಮಾತು: ನಾವು ಸರ್ಕಾರದವರಲ್ಲ, ಇದರಿಂದ ಯಾವ ಸೌಲಭ್ಯವೂ ಬರುವುದಿಲ್ಲ, ಬೇಡವೆನಿಸಿದ ಪ್ರಶ್ನೆ ಬಿಡಬಹುದು. ಆಧಾರ್ ಸಂಖ್ಯೆ ಬರೆಯಬೇಡಿ, ಕಾರ್ಡಿನ ಫೋಟೊ ತೆಗೆಯಬೇಡಿ. ಗುಡಿಸಲುಗಳ ನಕ್ಷೆಯನ್ನು ಪ್ರಕಟಿಸಲೇಬೇಡಿ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರು ಎಂಬ ಆರೋಪದ ಮೇಲೆ ಗುಡಿಸಲು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು.

ಟಿಪ್ಪಣಿಗಳ ಪ್ರತಿಯನ್ನು ಆ ರಾತ್ರಿಯೇ ಬೇರೆ ಕಡೆ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ರಾಂಪುರ ಎಂಬ ಹಳ್ಳಿಯ ಬಗ್ಗೆ ವಿಂಗಡಿಸಿಟ್ಟಿದ್ದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಯಲ್ಲಿ ಸುಟ್ಟುಹೋದಾಗ ಅವರು ನೆನಪಿನ ಬಲದಿಂದ ಬರೆಯಬೇಕಾಯಿತು.

ಲೆಕ್ಕ ಹಾಕುವಾಗ, ಮತ್ತೆ ಹೋಗುವಾಗ

ಎಲ್ಲ ಕೇರಿಗಳನ್ನೂ ಸಮಾನ ಅವಕಾಶದಲ್ಲಿ ಚೀಟಿ ಎತ್ತಿ ಆರಿಸಿ, ಪ್ರತಿಯೊಂದರಲ್ಲೂ 10 ಮನೆ ಕೇಳಿದ್ದರೆ, 40 ಗುಡಿಸಲ ಕೇರಿಯ ಒಂದು ಮನೆ 4 ಮನೆಗಳ ಪರವಾಗಿ, 120 ಗುಡಿಸಲ ಕೇರಿಯದು 12 ಮನೆಗಳ ಪರವಾಗಿ ಮಾತಾಡುತ್ತದೆ. ಆ ತೂಕ ಹಾಕದೆ ಸರಾಸರಿ ತೆಗೆದರೆ ಸಣ್ಣ ಕೇರಿಗಳ ದನಿಯೇ ದೊಡ್ಡದಾಗುತ್ತದೆ. ಕೂಲಿ, ಸಾಲಗಳಿಗೆ ಸರಾಸರಿಗಿಂತ ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಕೊಡಿ. ಒಬ್ಬರ ಮದುವೆ ಸಾಲ ಇಡೀ ಸರಾಸರಿಯನ್ನು ಎತ್ತಿಬಿಡುತ್ತದೆ.

ಆರು ತಿಂಗಳ ಮೇಲೆ ಎರಡನೇ ಸುತ್ತಿಗೆ ಹೋದಾಗ ಎಷ್ಟೋ ಗುಡಿಸಲುಗಳ ಜಾಗದಲ್ಲಿ ಅಡಿಪಾಯ ಬಿದ್ದಿರುತ್ತದೆ. ಅದಕ್ಕೇ ಮೊದಲ ಸುತ್ತಿನಲ್ಲಿಯೇ, ಒಪ್ಪಿದವರಿಂದ ಮೂರು ನಂಬರ್ ತೆಗೆದುಕೊಳ್ಳಿ: ಅವರದು, ಇಲ್ಲಿನ ಒಬ್ಬ ನಂಟರದು, ಊರಲ್ಲಿ ಫೋನ್ ಬದಲಾಯಿಸದ ಒಬ್ಬರದು. ಮೇಸ್ತ್ರಿಯ ನಂಬರ್ ಬೇಡ, ಮುಂಗಡದ ಜಗಳವಾಗಿ ಬಿಟ್ಟುಬಂದವರ ಜಾಡನ್ನು ಅವನಿಗೆ ನೀವೇ ತೋರಿಸಿದಂತಾಗುತ್ತದೆ. ಸಿಗದವರನ್ನು ಪಟ್ಟಿಯಿಂದ ಅಳಿಸಬೇಡಿ. ಊರಿಗೆ ಹೋದರು, ಬೇರೆ ಸೈಟಿಗೆ ಹೋದರು, ಕೋಣೆ ಹಿಡಿದರು, ಎಬ್ಬಿಸಿದರು, ಗೊತ್ತಿಲ್ಲ, ಹೀಗೆ ಐದು ಸಂಕೇತ ಇಟ್ಟುಕೊಂಡು ಪ್ರತಿ ಮನೆಗೂ ಒಂದನ್ನು ಬರೆಯಿರಿ, ಯಾರು ಹೇಳಿದರು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.