ನಿಮ್ಮೂರ ಸುತ್ತ ಕಾಡು ಎಷ್ಟು ಹೋಗಿದೆ, ಯಾಕೆ ಹೋಗಿದೆ: ನೀವೇ ನೋಡಿಕೊಳ್ಳಿ

2024ರಲ್ಲಿ ಉಷ್ಣವಲಯದ 67 ಲಕ್ಷ ಹೆಕ್ಟೇರ್ ಹಳೇ ಮಳೆಕಾಡು ಹೋಯಿತು. ನಿಮಿಷಕ್ಕೆ 30 ಎಕರೆಗಿಂತ ಜಾಸ್ತಿ. ಸುಮಾರು ಅರ್ಧ ಬೆಂಕಿಗೇ ಹೋಗಿದ್ದು. ಬ್ರೆಜಿಲ್‌ನಲ್ಲಿ ದನದ ಹುಲ್ಲುಗಾವಲು ಮತ್ತು ಸೋಯಾ, ಇಂಡೋನೇಷ್ಯಾದಲ್ಲಿ ತಾಳೆ ತೋಟ, ಹೀಗೆ ಒಂದೊಂದು ಕಡೆ ಒಂದೊಂದು ಕಾರಣ. ಸರಿ, ಸಕಲೇಶಪುರ, ಮೂಡಿಗೆರೆ ಕಡೆ?

ಗ್ಲೋಬಲ್ ಫಾರೆಸ್ಟ್ ವಾಚ್ ಅನ್ನೋ ಜಾಲತಾಣ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ಭಾರತ, ಕರ್ನಾಟಕ, ಆಮೇಲೆ ಹಾಸನ ಅಥವಾ ಚಿಕ್ಕಮಗಳೂರು ಆರಿಸಿದರೆ 2001ರಿಂದ ವರ್ಷವಾರು ಲೆಕ್ಕ ಬರುತ್ತದೆ. ನಿಮ್ಮ ಹೋಬಳಿಯದ್ದೇ ಬೇಕಾದರೆ ನಕ್ಷೆಯ ಮೇಲೆ ಗಡಿ ಎಳೆಯಿರಿ. ಮರ ಹೋದ ಜಾಗ ತೋರಿಸೋ ಗುಲಾಬಿ ಬಣ್ಣದ ಒಂದೊಂದು ಚೌಕ 30 ಮೀಟರ್ ಉದ್ದ, 30 ಮೀಟರ್ ಅಗಲ, ಅಂದರೆ ಸುಮಾರು 9 ಗುಂಟೆ.

ಅಲ್ಲಿಗೇ ನಿಲ್ಲಿಸಿ ಸ್ಕ್ರೀನ್‌ಶಾಟ್ ಹಂಚಬೇಡಿ! ಉಪಗ್ರಹ ಎಣಿಸೋದು ಮರದ ಹೊದಿಕೆಯನ್ನ, ಕಾಡನ್ನಲ್ಲ. ಅದಕ್ಕೆ ಶೋಲಾ ಕಾಡೂ ಒಂದೇ, ನೆರಳಿನ ಕಾಫಿ ತೋಟವೂ ಒಂದೇ, ಅಕೇಶಿಯಾ ನೆಡುತೋಪೂ ಒಂದೇ. ತೋಟದವರು ಸಿಲ್ವರ್ ಓಕ್ ಕಡಿದು ಮಾರಿದರೂ ಗುಲಾಬಿ ಚುಕ್ಕೆ, ಮಳೆಗಾಲದಲ್ಲಿ ಗುಡ್ಡ ಜರಿದರೂ ಗುಲಾಬಿ ಚುಕ್ಕೆ. ತಿರುಗಿಸಿ ನೋಡಿದರೆ ಇನ್ನೂ ಮಜಾ: ಹಳೇ ಕಾಡು ಮೆಲ್ಲಗೆ ತೆಳುವಾಗಿ ಕೆಳಗೆ ಕಾಫಿ ಬಂದಿದ್ದರೆ ಎಷ್ಟೋ ಸಲ ಚುಕ್ಕೆಯೇ ಬೀಳುವುದಿಲ್ಲ. ನಮ್ಮ ಸರ್ಕಾರದ ಅರಣ್ಯ ವರದಿಯೂ ಅಷ್ಟೇ, ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇ. 10ರಷ್ಟು ಮರದ ನೆರಳಿದ್ದರೆ ಅದು ಯಾರದ್ದೇ ಆಗಿರಲಿ ಅರಣ್ಯ ಹೊದಿಕೆ ಅಂತಲೇ ಬರೆದುಕೊಳ್ಳುತ್ತದೆ. ಮಲೆನಾಡು ಕಾಗದದಲ್ಲಿ ಹಸಿರಾಗಿ ಕಾಣೋದು ಸುಮ್ನೆ ಅಲ್ಲ.

ಹಾಗಾಗಿ ಕಾರಣವನ್ನ ನೀವೇ ಹುಡುಕಬೇಕು. ಗೂಗಲ್ ಅರ್ಥ್‌ನಲ್ಲಿ ಅದೇ ಜಾಗದ ಹಳೇ ಚಿತ್ರಗಳನ್ನ ವರ್ಷ ಹಿಂದೆ ಮುಂದೆ ಮಾಡಿ ನೋಡಿ. ಉದ್ದ ಪಟ್ಟಿಯಂತೆ ಬೋಳಾಗಿದ್ದರೆ ರಸ್ತೆ ಅಥವಾ ಪೈಪ್‌ಲೈನ್, ಶಿರಾಡಿ ಘಾಟಿಯ ಅಗಲೀಕರಣ ಮತ್ತು ಎತ್ತಿನಹೊಳೆ ಕಾಮಗಾರಿ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ನೇರ ಗಡಿಯ ತುಂಡಾಗಿ ಬೋಳಾಗಿ ಎರಡು ಮೂರು ವರ್ಷದಲ್ಲಿ ಮತ್ತೆ ಹಸಿರಾದರೆ ಅದು ಹೆಚ್ಚಾಗಿ ನೆಡುತೋಪಿನ ಕಟಾವು. ಮರ ಹೋದ ಜಾಗದಲ್ಲಿ ಛಾವಣಿ, ಈಜುಕೊಳ ಕಂಡರೆ ಹೇಳೋದೇ ಬೇಡ, ರೆಸಾರ್ಟು.

ಆಮೇಲೆ ರಾಜ್ಯ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಆ ಜಾಗದ ಸರ್ವೆ ನಂಬರ್ ತೆಗೆದು ಪಹಣಿ ನೋಡಿ. ಹಿಡುವಳಿಯೋ, ಗೋಮಾಳವೋ, ಅರಣ್ಯವೋ ತಿಳಿಯುತ್ತದೆ. ಅರಣ್ಯ ಅಂತಿದ್ದರೆ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಥವಾ 17, ಯಾವುದು ಅಂತ ಅರಣ್ಯ ಇಲಾಖೆಯಲ್ಲಿ ಕೇಳಿ. 4 ಅಂದರೆ ಮೀಸಲು ಅರಣ್ಯ ಮಾಡುವ ಉದ್ದೇಶ ಹೇಳಿದ್ದು, 17 ಅಂದರೆ ಅಂತಿಮ ಘೋಷಣೆ. ಊರಿನ ಜಗಳ ಅರ್ಧ ಇದರ ನಡುವೆಯೇ ಇರೋದು.

ಇನ್ನೊಂದು ಮಾತು, 2015ರಿಂದೀಚೆಗೆ ಗ್ಲೋಬಲ್ ಫಾರೆಸ್ಟ್ ವಾಚ್‌ನ ಲೆಕ್ಕದ ವಿಧಾನ ಚುರುಕಾಗಿದೆ. 2005ರ ಅಂಕಿಯನ್ನ 2020ರ ಪಕ್ಕ ಇಟ್ಟು ಇಷ್ಟು ಪಟ್ಟು ಏರಿತು ಅನ್ನಬೇಡಿ.

ಕಾಫಿ ಬೆಳೆಗಾರರಾಗಿದ್ದರೆ ನಿಮ್ಮ ತೋಟದ ಗಡಿಯನ್ನೂ ಹೀಗೇ ಪರೀಕ್ಷಿಸಿ, 2020ರ ಡಿಸೆಂಬರ್ 31ರ ಆಸುಪಾಸಿನ ಚಿತ್ರ ಉಳಿಸಿಟ್ಟುಕೊಳ್ಳಿ. ಅದಾದ ಮೇಲೆ ಕಾಡು ಕಡಿದ ಜಾಗದ ಕಾಫಿ ಬೇಡ ಅಂತ ಯುರೋಪಿನ ನಿಯಮ. ಜಾರಿಯ ದಿನ ಮುಂದಕ್ಕೆ ಹೋಗಿದೆ, ಈ ತಾರೀಖು ಹೋಗಿಲ್ಲ.