ಎರಡು ವರ್ಷ ಫೈಲಿಂಗ್ ಬಾಕಿ ಇದ್ದ ಕಂಪನಿಗೆ ‘ಎಲ್ಲ ಸರಿ ಇದೆ’ ಅನ್ನೋ ಕಾಗದ ತೆಗೆಸಿದ್ದು: ನನ್ನ ಅನುಭವ

ಕೊನೆಗೂ ಕಾಗದ ಕೈಗೆ ಬಂತು. ಹಿಂಬದಿಯಲ್ಲಿ ಅಪೋಸ್ಟಿಲ್ ಸ್ಟಿಕ್ಕರ್ (ಕಾಗದ ಅಸಲಿ ಅಂತ ಹೊರದೇಶದವರಿಗಾಗಿ ಸರ್ಕಾರ ಹಚ್ಚೋದು), ಮುಂದೆ ನಮ್ಮ ಕಂಪನಿಯ ಹೆಸರು, ಕೆಳಗೆ ಕಂಪನಿ ಸೆಕ್ರೆಟರಿಯ (ಕಂಪನಿ ಕಾನೂನಿನ ಕೆಲಸ ಮಾಡೋ ವೃತ್ತಿಯವರು) ಸಹಿ ಮತ್ತು ಯುಡಿಐಎನ್, ಅಂದರೆ ಸಹಿ ಅಸಲಿಯೇ ಅಂತ ನೋಡೋ ಗುರುತಿನ ನಂಬರ್. ಇದು ಆಗೋ ಕೆಲಸವಲ್ಲ ಅಂತ ಇಬ್ಬರು ಹೇಳಿದ್ದರು. ಪರಿಚಯದ ಸಿಎ ಒಬ್ಬರು, ಮತ್ತು ನನ್ನ ಭಾವ. ಕಂಪನಿಯ ಇನ್ನೊಬ್ಬ ಡೈರೆಕ್ಟರ್ ಭಾವನೇ. ಆಯಿತು, ನಾನೇ ಮಾಡಿಸಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ವಾಲ್ವ್ ಬಿಡಿಭಾಗ ಮಾಡೋ ಸಣ್ಣ ಪ್ರೈವೇಟ್ ಲಿಮಿಟೆಡ್. 2016ರದ್ದು. ಬಂಡವಾಳ 10 ಲಕ್ಷ, ಕೆಲಸಕ್ಕೆ 14 ಜನ. 2024ರ ಮೇ ತಿಂಗಳಲ್ಲಿ ಬ್ರಿಟನ್‌ನ ಗಿರಾಕಿಯೊಬ್ಬರು ಸುಮಾರು 11 ಲಕ್ಷದ ಮೊದಲ ಆರ್ಡರ್ ಕೊಡೋಕೆ ಒಪ್ಪಿದರು. ಒಂದೇ ಷರತ್ತು: ನಿಮ್ಮ ಕಂಪನಿಯ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ಕಂಪನಿ ನಡೆಯುತ್ತಿದೆ, ಎಲ್ಲ ಸರಿ ಇದೆ ಅನ್ನೋ ಕಾಗದ) ಕಳಿಸಿ. ಅವರ ದೇಶದಲ್ಲಿ ಕಂಪನೀಸ್ ಹೌಸ್ ಅನ್ನೋ ಕಂಪನಿ ನೋಂದಣಿ ಕಚೇರಿಗೆ ದುಡ್ಡು ಕಟ್ಟಿದರೆ ಅದೇ ಹೆಸರಿನ ಕಾಗದ ಕೊಡುತ್ತಾರೆ, ಹಾಗಾಗಿ ಅವರಿಗೆ ಇದು ಒಂದು ವಿಷಯವೇ ಅಲ್ಲ. ನಮ್ಮಲ್ಲಿ ಹಾಗೆ ನೇರವಾಗಿ ಅರ್ಜಿ ಹಾಕಿ ತೆಗೆದುಕೊಳ್ಳೋಕೆ ಒಂದು ಫಾರ್ಮ್ ಇಲ್ಲ. ಸಿಎ ಅಲ್ಲಿಗೇ ಕೈ ಚೆಲ್ಲಿದರು.

ಏಜೆಂಟ್ ಮಾತ್ರ ‘ನಾನು ಕೊಡಿಸ್ತೀನಿ ಸರ್, 40 ಸಾವಿರ ಆಗುತ್ತೆ’ ಅಂದ. 8 ಸಾವಿರ ಮುಂಗಡ ಕೊಟ್ಟೆ. ಮೂರು ವಾರ ಆದ ಮೇಲೆ ಅವನದೇ ಲೆಟರ್‌ಹೆಡ್ ಮೇಲೆ, ಬಂಗಾರದ ಬಣ್ಣದ ಅಂಚು ಹಾಕಿ, ‘ಈ ಕಂಪನಿ ಒಳ್ಳೆಯ ಸ್ಥಿತಿಯಲ್ಲಿದೆ’ ಅಂತ ಬರೆದು ಕೊಟ್ಟ. ಗಿರಾಕಿ ಒಂದೇ ಸಾಲಿನಲ್ಲಿ ವಾಪಸ್ ಕಳಿಸಿದರು: ಇದನ್ನು ಕೊಟ್ಟವರು ಯಾರು? ಆ 8 ಸಾವಿರ ಹೋಯಿತು.

ಆಮೇಲೆ ನಾನೇ ಕೂತೆ. ಮೊದಲು ಕಂಪನಿಯ ಹುಟ್ಟಿನ ಕಾಗದ ಸಾಕಾಗಬಹುದು ಅಂದುಕೊಂಡೆ. ಇನ್‌ಕಾರ್ಪೊರೇಶನ್ ಸರ್ಟಿಫಿಕೇಟ್, ಎಂಒಎ, ಎಒಎ (ಕಂಪನಿಯ ಉದ್ದೇಶ ಮತ್ತು ನಿಯಮ ಬರೆದ ಕಾಗದಗಳು) ಮೂರಕ್ಕೂ ಕಂಪನಿ ರಿಜಿಸ್ಟ್ರಾರ್ ದೃಢೀಕರಿಸಿದ ಪ್ರತಿ ಕೇಳಿದೆ. ಸರ್ಟಿಫಿಕೇಟ್‌ಗೆ 100 ರೂಪಾಯಿ, ಉಳಿದದ್ದಕ್ಕೆ ಪುಟಕ್ಕೆ 25. ಎಲ್ಲ ಸೇರಿ ಸಾವಿರದ ಚಿಲ್ಲರೆ ಆಯಿತು. ಕಂಪನಿ ಕಾಯ್ದೆಯ 399ನೇ ಕಲಂ ಪ್ರಕಾರ ಇದನ್ನು ಯಾರು ಬೇಕಾದರೂ ಕೇಳಬಹುದು, ಕೋರ್ಟಿನಲ್ಲೂ ಮೂಲ ಪ್ರತಿಯಷ್ಟೇ ಬೆಲೆ. ಆದರೆ ಗಿರಾಕಿ ಒಪ್ಪಲಿಲ್ಲ. 2016ರಲ್ಲಿ ಹುಟ್ಟಿದ್ದು ಗೊತ್ತಾಯಿತು, ಈಗ ಬದುಕಿದೆಯಾ ಅನ್ನೋದು ಬೇಕು ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಆಗ ಧಾರವಾಡದ ಒಬ್ಬ ಕಂಪನಿ ಸೆಕ್ರೆಟರಿ ಮೇಡಂ ಸಿಕ್ಕರು. ನಾನು ಕಥೆ ಹೇಳೋಕೆ ಶುರು ಮಾಡಿದರೆ, ‘ಕಾಗದದ ಮಾತು ಆಮೇಲೆ ಸರ್, ಮೊದಲು ಮಾಸ್ಟರ್ ಡೇಟಾ ತೆಗೀರಿ’ ಅಂದರು. ಅಂದರೆ ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಕಂಪನಿಯ ಮುಖ್ಯ ವಿವರ ತೋರಿಸೋ ಪುಟ, ನಮ್ಮ ಸಿಐಎನ್ (ಕಂಪನಿಯ ನೋಂದಣಿ ನಂಬರ್) ಹಾಕಿ ತೆಗೆದೆ. ಸ್ಟೇಟಸ್: ಆಕ್ಟಿವ್. ನನಗೆ ಸಮಾಧಾನ ಆಯಿತು. ಅವರು ಪೆನ್ನಿನ ತುದಿಯನ್ನು ಇನ್ನೂ ಕೆಳಗಿನ ಒಂದು ಸಾಲಿನ ಮೇಲಿಟ್ಟರು. ಕೊನೆಯ ಬ್ಯಾಲೆನ್ಸ್ ಶೀಟ್ ದಿನಾಂಕ: 31-03-2021.

2024ರ ಜೂನ್‌ನಲ್ಲಿ ಕೂತು 2021 ಅಂತ ಓದಿದಾಗ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. 2021-22 ಮತ್ತು 2022-23, ಎರಡೂ ವರ್ಷದ ಆಡಿಟ್ ಆಗಿತ್ತು, ಎಜಿಎಂ (ವಾರ್ಷಿಕ ಸಭೆ) ಆಗಿತ್ತು, ಸಹಿ ಆಗಿತ್ತು, ಆಡಿಟರ್‌ಗೆ ಪೂರ್ತಿ ದುಡ್ಡೂ ಹೋಗಿತ್ತು. ‘ಎಲ್ಲ ಹಾಕಿದೀನಿ’ ಅಂತ ಎರಡು ವರ್ಷವೂ ಅವರು ಹೇಳಿದ್ದರು, ನಾನು ನಂಬಿದ್ದೆ. ಆದರೆ ಪೋರ್ಟಲ್‌ನಲ್ಲಿ ಎಒಸಿ-4 (ವರ್ಷದ ಲೆಕ್ಕಪತ್ರ ಸಲ್ಲಿಸೋ ಫಾರ್ಮ್) ಇಲ್ಲ, ಎಂಜಿಟಿ-7ಎ (ವಾರ್ಷಿಕ ರಿಟರ್ನ್ ಫಾರ್ಮ್) ಇಲ್ಲ. ನಾನು ಕೇಳಬೇಕಿದ್ದದ್ದು ಒಂದೇ, ಎಸ್‌ಆರ್‌ಎನ್ (ಫಾರ್ಮ್ ಹಾಕಿದ್ದಕ್ಕೆ ಪೋರ್ಟಲ್ ಕೊಡೋ ನಂಬರ್) ಇರೋ ಚಲನ್. ಅದನ್ನು ಯಾವತ್ತೂ ಕೇಳಿರಲಿಲ್ಲ. ಈಗ ನನ್ನ ಪರಿಚಯದವರಿಗೆಲ್ಲ ಹೇಳೋದು ಇದನ್ನೇ, ಬಾಯಿ ಮಾತು ಬೇಡ, ಚಲನ್ ತೋರಿಸಿ ಅನ್ನಿ.

ತಡದ ಶುಲ್ಕ ಒಂದು ಫಾರ್ಮ್‌ಗೆ ದಿನಕ್ಕೆ 100 ರೂಪಾಯಿ. ಮೇಲಿನ ಮಿತಿ ಅಂತ ಏನೂ ಇಲ್ಲ. ನಾಲ್ಕು ಫಾರ್ಮ್ ಬಾಕಿ, ಅಂದರೆ ದಿನ ಬೆಳಗಾದರೆ 400. ಆ ಏಜೆಂಟ್ ತಿಂದ ಮೂರು ವಾರವೇ ನನಗೆ ಇನ್ನೂ 8,400 ಖರ್ಚು ಹಾಕಿತ್ತು, ನನಗೆ ಗೊತ್ತಿಲ್ಲದ ಹಾಗೆ.

ಭಾವ ಹೇಳಿದ್ದು ಈ ಕಂಪನಿ ಮುಚ್ಚೋಣ, ಹೊಸದು ತೆಗೆಯೋಣ ಅಂತ. ಸಿಎ ಕೂಡ ತಲೆಯಾಡಿಸಿದರು. ನಾನು ರಾತ್ರಿ ಕೂತು ಓದಿದೆ. ಮುಚ್ಚೋಕೆ ಎಸ್‌ಟಿಕೆ-2 ಅನ್ನೋ ಫಾರ್ಮ್ ಹಾಕಬೇಕು, ಅದಕ್ಕೇ 10 ಸಾವಿರ. ಅದೂ ವ್ಯವಹಾರ ನಿಲ್ಲಿಸಿದ ವರ್ಷದವರೆಗಿನ ಬಾಕಿ ಫೈಲಿಂಗ್ ಎಲ್ಲ ಮುಗಿಸಿದ ಮೇಲೆಯೇ. ಅಂದರೆ ಮುಚ್ಚಿದರೂ ಆ ದುಡ್ಡು ಕಟ್ಟಲೇಬೇಕು. ಸುಮ್ನೆ ಬಿಟ್ಟುಬಿಡೋಣ ಅಂದರೆ ಮೂರನೇ ವರ್ಷವೂ ಸೇರಿ ಕಂಪನಿ ಕಾಯ್ದೆಯ 164(2)ನೇ ಕಲಂ ಬರುತ್ತದೆ, ಇಬ್ಬರೂ ಐದು ವರ್ಷ ಡೈರೆಕ್ಟರ್ ಆಗೋ ಹಾಗಿಲ್ಲ, ಆಮೇಲೆ ಹೊಸ ಕಂಪನಿ ಎಲ್ಲಿಂದ ಬರಬೇಕು? 2023-24ರ ಎಒಸಿ-4ಕ್ಕೆ ಅಕ್ಟೋಬರ್ ಕೊನೆಯ ಗಡುವು. ಅಷ್ಟರೊಳಗೆ ಹಳೆಯದು ಚೊಕ್ಕ ಆಗಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಲೆಕ್ಕ ಬರೆದು ಭಾವನ ಮುಂದಿಟ್ಟ ಮೇಲೆ ಅವರು ಮಾತಾಡಲಿಲ್ಲ.

ಆದರೆ ಕೆಲಸ ಸಿಕ್ಕಿಬಿದ್ದದ್ದು ಅವರ ಡಿಐಎನ್ (ಡೈರೆಕ್ಟರ್ ಗುರುತಿನ ನಂಬರ್) ಮೇಲೇ. ಹಿಂದಿನ ವರ್ಷ ಸೆಪ್ಟೆಂಬರ್ 30ರೊಳಗೆ ಕೆವೈಸಿ ಮಾಡಿರಲಿಲ್ಲ, ಡಿಆಕ್ಟಿವೇಟ್ ಆಗಿತ್ತು. 5 ಸಾವಿರ ಕಟ್ಟಿ ವೆಬ್ ಕೆವೈಸಿ ಮಾಡಿಬಿಡೋಣ ಅಂದರೆ ಅದರಲ್ಲಿದ್ದ ಮೊಬೈಲ್ ನಂಬರ್ ಅವರು ಬಿಟ್ಟು ಎಷ್ಟೋ ಕಾಲ ಆಗಿತ್ತು, ಒಟಿಪಿ ಯಾರಿಗೆ ಹೋಗುತ್ತಿತ್ತೋ. ನಂಬರ್ ಬದಲಾದರೆ ಆಗ ಪೂರ್ತಿ ಡಿಐಆರ್-3 ಕೆವೈಸಿ ಫಾರ್ಮ್ ಹಾಕಬೇಕಿತ್ತು, ಅದಕ್ಕೆ ಡಿಎಸ್‌ಸಿ (ಡಿಜಿಟಲ್ ಸಹಿ) ಬೇಕಿತ್ತು, ಅವರ ಡಿಎಸ್‌ಸಿ ಮುಗಿದಿತ್ತು. ಹೊಸದಕ್ಕೆ ಎರಡು ಸಾವಿರದ ಹತ್ತಿರ, ಅದನ್ನು ಪೋರ್ಟಲ್‌ನಲ್ಲಿ ಮತ್ತೆ ರಿಜಿಸ್ಟರ್ ಮಾಡಬೇಕು. ಹೀಗೆ ಹಿಂದಿನಿಂದ ಒಂದೊಂದೇ ಗಂಟು ಬಿಚ್ಚುತ್ತಾ ಬರಬೇಕಾಯಿತು: ಡಿಎಸ್‌ಸಿ, ಆಮೇಲೆ ಕೆವೈಸಿ, ಆಮೇಲೆ ಹಳೆಯ ವರ್ಷದ ಎಒಸಿ-4, ಆಮೇಲೆ ಅದರ ಎಂಜಿಟಿ-7ಎ, ಆಮೇಲೆ ಮುಂದಿನ ವರ್ಷ. ನಾನು ಮೊದಲು ಆತುರ ಪಟ್ಟು ಎಒಸಿ-4ರಿಂದ ಶುರು ಮಾಡಿ ನಾಲ್ಕು ದಿನ ಕಳೆದೆ. ನಾಲ್ಕು ದಿನ ಅಂದರೆ 1,600.

ಹಳೆಯ ಆಡಿಟರ್ ಹತ್ತಿರ ಸಹಿ ಮಾಡಿದ ಮೂಲ ಫೈಲ್ ಇತ್ತು. ಅದನ್ನು ಜಗಳ ಇಲ್ಲದೆ, ನೋಟಿಸ್ ಇಲ್ಲದೆ, ಎರಡೇ ದಿನದಲ್ಲಿ ಹೇಗೆ ತರಿಸಿಕೊಂಡೆ ಅನ್ನೋದು ನನ್ನ ಹತ್ತಿರವೇ ಇರಲಿ. ಕೆಲಸ ಮಾಡಿತು ಅಂತಷ್ಟೇ ಹೇಳುತ್ತೇನೆ.

ಆಡಿಟ್ ವರದಿಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಸೇರಿಸಿದೆ, ಫಾರ್ಮ್ ಉಬ್ಬಿ ಅಪ್‌ಲೋಡ್ ಆಗಲಿಲ್ಲ. ಕಪ್ಪು ಬಿಳುಪಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿದರೆ ಸೀಲ್ ಮೇಲಿನ ಯುಡಿಐಎನ್ ಅಕ್ಷರ ಮಸುಕು. ಆ 18 ಅಕ್ಷರ ಓದೋಕೆ ಬರಲೇಬೇಕು, ಹಾಗಾಗಿ ಆ ಒಂದು ಪುಟ ಮಾತ್ರ ದಪ್ಪಗೆ, ಉಳಿದದ್ದು ತೆಳ್ಳಗೆ ಮಾಡಿ ಜೋಡಿಸಿದೆ. ಪ್ರಿ-ಸ್ಕ್ರೂಟಿನಿ (ಸಲ್ಲಿಸೋ ಮೊದಲಿನ ತಪಾಸಣೆ) ಪಾಸ್ ಆಯಿತು.

ಆಗಸ್ಟ್ ಎರಡನೇ ವಾರ ದುಡ್ಡು ಕಟ್ಟಿದೆ. ನೆನಪಿನಿಂದ ಹೇಳುತ್ತೇನೆ: ಹಳೆಯ ವರ್ಷದ ಎಒಸಿ-4ಕ್ಕೆ 65 ಸಾವಿರ, ಅದರ ಎಂಜಿಟಿಗೆ 62, ಮುಂದಿನ ವರ್ಷದ ಎರಡಕ್ಕೆ 29 ಮತ್ತು 26. ಒಟ್ಟು 1 ಲಕ್ಷ 82 ಸಾವಿರದ ಆಸುಪಾಸು. ಮಾಮೂಲಿ ಶುಲ್ಕ ಎಷ್ಟು ಗೊತ್ತಾ? ನಮ್ಮ ಬಂಡವಾಳಕ್ಕೆ ಫಾರ್ಮ್‌ಗೆ 400. ನಾಲ್ಕಕ್ಕೆ 1,600 ರೂಪಾಯಿಯಲ್ಲಿ ಮುಗಿಯೋ ಕೆಲಸ. ಹೊಸ ಡ್ರಿಲ್ಲಿಂಗ್ ಮೆಷಿನ್‌ಗೆ ಅಂತ ಎತ್ತಿಟ್ಟ ದುಡ್ಡು ಅದು. ಪೇ ಬಟನ್ ಒತ್ತೋವಾಗ ಕೈ ನಿಜವಾಗಲೂ ಹಿಂದೆ ಬಂತು.

ಈ ಫಾರ್ಮ್‌ಗಳು ತಾನಾಗಿ ಅಪ್ರೂವ್ ಆಗುತ್ತವೆ, ಕಾಯೋ ಕೆಲಸ ಇಲ್ಲ. ಒಂದೆರಡು ದಿನದಲ್ಲಿ ಮಾಸ್ಟರ್ ಡೇಟಾದ ಆ ಸಾಲು 31-03-2023 ಆಯಿತು. ಸ್ಕ್ರೀನ್‌ಶಾಟ್ ತೆಗೆದು ಸಿಎ, ಏಜೆಂಟ್, ಭಾವ ಮೂವರಿಗೂ ಕಳಿಸಿದೆ.

ಇದರ ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ, ಇದು ತುಂಬಾ ಉಪಯೋಗಕ್ಕೆ ಬಂತು. ನಮ್ಮ ಕಂಪನಿಯನ್ನು ಗೊತ್ತಿಲ್ಲದವನ ಹಾಗೆ ಹುಡುಕಿದೆ. ಲಾಗಿನ್ ಇಲ್ಲದೆ ಜಿಎಸ್‌ಟಿ ನಂಬರ್ ಹಾಕಿದರೆ ಯಾವ ತಿಂಗಳ ರಿಟರ್ನ್ ಯಾವತ್ತು ಹಾಕಿದ್ದು ಅನ್ನೋ ಪಟ್ಟಿಯೇ ಬರುತ್ತದೆ. ನಮ್ಮದರಲ್ಲಿ ಎರಡು ತಿಂಗಳು ತಡ ಆಗಿದ್ದು ಎದ್ದು ಕಾಣುತ್ತಿತ್ತು. ಇಎಸ್‌ಐ 10 ಜನರಿಂದಲೇ ಬರೋದರಿಂದ ನಮಗಿತ್ತು, ಚಲನ್ ಎಲ್ಲ ಸರಿ ಇತ್ತು. ಪಿಎಫ್‌ಗೆ 20 ಜನ ಬೇಕು, ನಮಗೆ ಕಡ್ಡಾಯ ಇಲ್ಲ, ಅದನ್ನು ಗಿರಾಕಿಗೆ ಬೇರೆ ಪತ್ರದಲ್ಲಿ ವಿವರಿಸಿದೆ. ವೃತ್ತಿ ತೆರಿಗೆಯ ವರ್ಷದ 2,500 ಒಂದು ಸಲ ಬಿಟ್ಟುಹೋಗಿತ್ತು, ಬಡ್ಡಿ ಸೇರಿಸಿ ಕಟ್ಟಿದೆ. ಇನ್‌ವಾಯ್ಸ್ ತೆಗೆದು ನೋಡಿದರೆ ಸಿಐಎನ್ ಇಲ್ಲವೇ ಇಲ್ಲ! ಕಂಪನಿ ಕಾಯ್ದೆಯ 12ನೇ ಕಲಂ ಪ್ರಕಾರ ಬಿಲ್, ಲೆಟರ್‌ಹೆಡ್ ಎಲ್ಲದರ ಮೇಲೂ ಇರಬೇಕು. ಅದೇ ಕಲಂನಲ್ಲಿ ಬಾಗಿಲ ಹೊರಗಿನ ಬೋರ್ಡ್‌ನಲ್ಲಿ ಕಂಪನಿಯ ಹೆಸರು, ವಿಳಾಸ ಆ ಊರಿನ ಲಿಪಿಯಲ್ಲೂ ಇರಬೇಕು ಅಂತಿದೆ. ನಮ್ಮ ಬೋರ್ಡ್ ಮೇಲೆ ಕನ್ನಡದಲ್ಲಿ ಬರೀ ಹೆಸರು, ವಿಳಾಸ ಇಂಗ್ಲಿಷ್‌ನಲ್ಲಿ. ಬೋರ್ಡ್ ಬರೆಯೋ ಹುಡುಗ ಬಂದು ‘ಪ್ರೈವೇಟ್ ಲಿಮಿಟೆಡ್’ ಅಂತ ಪೂರ್ತಿ ಕನ್ನಡದಲ್ಲಿ, ಹಳದಿ ಬಣ್ಣದಲ್ಲಿ, ವಿಳಾಸ ಸಮೇತ ಬರೆದ. 900 ತಗೊಂಡ. ಅದರ ಫೋಟೋವನ್ನೂ ಕಡತಕ್ಕೆ ಹಾಕಿದೆ. ಗಿರಾಕಿ ಇದನ್ನು ಕೇಳಿರಲಿಲ್ಲ, ಆದರೂ ನನಗೆ ಇದು ಬೇಕಿತ್ತು.

ಈಗ ಮುಖ್ಯ ಕಾಗದ. ಮೇಡಂ ಜೊತೆ ಕೂತು ಒಕ್ಕಣೆ ಮಾಡಿದೆವು. ಕಂಪನಿ ಯಾವಾಗ ನೋಂದಣಿ ಆಯಿತು, ಇವತ್ತಿನ ಸ್ಟೇಟಸ್ ಏನು, ಕೊನೆಯ ಎರಡು ವರ್ಷದ ಫಾರ್ಮ್‌ಗಳು ಯಾವ ಎಸ್‌ಆರ್‌ಎನ್‌ನಲ್ಲಿ ಹೋದವು, ಡೈರೆಕ್ಟರ್‌ಗಳು ಅನರ್ಹರಲ್ಲ, ಸಾಲಕ್ಕೆ ಆಸ್ತಿ ಒತ್ತೆ ಇಟ್ಟದ್ದು (ಚಾರ್ಜ್) ಎಷ್ಟಿದೆ. ‘ತಡವಾಗಿ ಫೈಲ್ ಮಾಡಲಾಗಿದೆ’ ಅನ್ನೋ ಸಾಲನ್ನು ಹಾಕಿಸಿದ್ದು ನಾನೇ. ಮೇಡಂ ಬೇಡ ಅನ್ನಲಿಲ್ಲ. ಮುಚ್ಚಿಟ್ಟರೆ ಗಿರಾಕಿಗೆ ದಿನಾಂಕ ನೋಡಿದರೆ ಹೇಗೂ ಗೊತ್ತಾಗುತ್ತದೆ. ಸಹಿ, ಯುಡಿಐಎನ್. ಅವರ ಸಂಸ್ಥೆಯ ಜಾಲತಾಣದಲ್ಲಿ ಆ ನಂಬರ್ ಹಾಕಿ ಯಾರು ಬೇಕಾದರೂ ಅಸಲಿಯೇ ಅಂತ ನೋಡಬಹುದು, ನನ್ನ ಇಡೀ ಕೆಲಸದ ಜೀವ ಇದರಲ್ಲೇ ಇತ್ತು. ಜೊತೆಗೆ ಹೊಸದಾಗಿ ಹಾಕಿದ ಫಾರ್ಮ್‌ಗಳ ದೃಢೀಕೃತ ಪ್ರತಿ, ಈ ಸಲ ಹುಟ್ಟಿನ ಕಾಗದ ಒಂದೇ ಅಲ್ಲ.

ವಾಣಿಜ್ಯ ಕಾಗದ ಆದ್ದರಿಂದ ಮೊದಲು ಚೇಂಬರ್ ಆಫ್ ಕಾಮರ್ಸ್ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಸರ್ಕಾರದ ಶುಲ್ಕ ಕಾಗದಕ್ಕೆ 50 ರೂಪಾಯಿ ಅಷ್ಟೇ, ಆದರೆ ಮಧ್ಯದ ಸೇವಾ ಸಂಸ್ಥೆ, ಕೊರಿಯರ್ ಎಲ್ಲ ಸೇರಿ ನಾಲ್ಕು ಸಾವಿರ ಆಯಿತು. ಮೇಡಂಗೆ 18 ಸಾವಿರ, ಆ ದುಡ್ಡಿನ ಬಗ್ಗೆ ನನಗೆ ಒಂದು ಚೂರೂ ಬೇಸರವಿಲ್ಲ. ಒಟ್ಟು ಲೆಕ್ಕ ಹಾಕಿದರೆ ಏಜೆಂಟ್ ತಿಂದದ್ದೂ ಸೇರಿ 2 ಲಕ್ಷ 25 ಸಾವಿರದ ಹತ್ತಿರ.

ಕಡತವನ್ನು ಯಾವ ಕ್ರಮದಲ್ಲಿ ಜೋಡಿಸಿದೆ, ಮೇಲಿನ ಪತ್ರದ ಮೊದಲ ಪ್ಯಾರಾದಲ್ಲಿ ಏನು ಬರೆದೆ ಅನ್ನೋದನ್ನು ಇಲ್ಲಿ ಹಾಕುವುದಿಲ್ಲ. ಇಬ್ಬರು ಗೆಳೆಯರಿಗೆ ಕೊಟ್ಟಿದ್ದೇನೆ, ಇಬ್ಬರದೂ ಆಗಿದೆ.

ಗಿರಾಕಿಯ ಉತ್ತರ ಸೆಪ್ಟೆಂಬರ್‌ನಲ್ಲಿ ಬಂತು. ಯುಡಿಐಎನ್ ಪರಿಶೀಲಿಸಿದ್ದೇವೆ, ಕಾಗದ ಒಪ್ಪಿದ್ದೇವೆ, ಆರ್ಡರ್ ಲಗತ್ತಿಸಿದೆ. ಆವತ್ತು ಸಂಜೆ ಶೆಡ್‌ನಲ್ಲಿ ಹದಿನಾಲ್ಕು ಜನರಿಗೂ ಓದಿ ಹೇಳಿದೆ. 2023-24ರ ಎಒಸಿ-4 ಗಡುವಿಗೆ ಮೂರು ವಾರ ಮೊದಲೇ ಹಾಕಿದೆ, 400 ರೂಪಾಯಿಯಲ್ಲಿ. ಆ ಚಲನ್ ಈಗ ಆಫೀಸಿನ ಗೋಡೆಯ ಮೇಲೆ, ಲೇತ್ ಮೆಷಿನ್ ಕ್ಯಾಲೆಂಡರ್ ಪಕ್ಕದಲ್ಲಿ, ಪಿನ್ ಹೊಡೆದು ಹಾಕಿದೆ.