ಹಳೆ ಎಪ್ಸನ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೈಕೊಟ್ಟರೆ ಮೊದಲು ಎಲ್‌ಎಫ್ ಬಟನ್ ಒತ್ತಿ
ಎಪ್ಸನ್ ಎಂಎಕ್ಸ್-80 ಅಥವಾ ಎಫ್‌ಎಕ್ಸ್-80 ಸರಿಯಾಗಿ ಪ್ರಿಂಟ್ ಮಾಡುತ್ತಿಲ್ಲ ಅಂದರೆ ಕಂಪ್ಯೂಟರ್ ಕೇಬಲ್ ಕಿತ್ತಿಟ್ಟು, ಪೇಪರ್ ಹಾಕಿ, ಎಲ್‌ಎಫ್ (ಲೈನ್ ಫೀಡ್, ಅಂದರೆ ಪೇಪರನ್ನು ಒಂದು ಸಾಲು ಮುಂದೆ ಸರಿಸುವ) ಬಟನ್ ಒತ್ತಿ ಹಿಡಿದುಕೊಂಡೇ ಪವರ್ ಆನ್ ಮಾಡಿ. ಪ್ರಿಂಟರ್ ತನ್ನ ಅಕ್ಷರಗಳನ್ನೆಲ್ಲಾ ತಾನೇ ಸಾಲುಸಾಲಾಗಿ ಹೊಡೆಯುತ್ತದೆ, ಆಫ್ ಮಾಡುವವರೆಗೂ ನಿಲ್ಲಿಸಲ್ಲ. ಇದಕ್ಕೆ ಕಂಪ್ಯೂಟರೇ ಬೇಡ, ಹಾಗಾಗಿ ತೊಂದರೆ ಪ್ರಿಂಟರಿನದಾ, ಇಲ್ಲ ಕೇಬಲ್ ಕಡೆಯದಾ ಅಂತ ಬೇಗ ಗೊತ್ತಾಗುತ್ತದೆ. ಹೊಡೆದ ಹಾಳೆಯನ್ನು ಹತ್ತಿರ ಹಿಡಿದು ನೋಡಿ. ಎಲ್ಲಾ ಅಕ್ಷರ ಒಂದೇ ಸಮ ಮಂಕಾಗಿದ್ದರೆ ರಿಬ್ಬನ್ ಮುಗಿದಿದೆ. ಪ್ರತಿ ಅಕ್ಷರದಲ್ಲೂ ಒಂದೇ ಎತ್ತರದಲ್ಲಿ ಅಡ್ಡಕ್ಕೆ ತೆಳ್ಳಗೆ ಬಿಳಿ ಗೆರೆ ಕಂಡರೆ ಹೆಡ್‌ನ (ರಿಬ್ಬನ್ ಮೇಲೆ ಪಿನ್ ಬಡಿದು ಚುಕ್ಕಿ ಮೂಡಿಸುವ ಭಾಗ) 9 ಪಿನ್‌ಗಳಲ್ಲಿ ಒಂದು ಕೆಲಸ ಮಾಡುತ್ತಿಲ್ಲ ಅಂತ. ಬರೀ ಇಂಕ್ ಒಣಗಿ ಅಂಟಿಕೊಂಡಿದ್ದರೆ ಹೆಡ್ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಬಿಟ್ಟುಕೊಳ್ಳಬಹುದು, ಪಿನ್ ಮುರಿದಿದ್ದರೆ ಹೆಡ್ಡೇ ಬದಲಿಸಬೇಕು. ಎಂಎಕ್ಸ್-80ಯಲ್ಲಿ ಅದನ್ನು ನಾವೇ ಬದಲಿಸುವ ಹಾಗೆ ಮಾಡಿದ್ದಾರೆ, ಎಷ್ಟು ಒಳ್ಳೆ ಕೆಲಸ ಅಲ್ವಾ! ಆದರೆ ಈ ಟೆಸ್ಟ್ ಕೇಬಲ್ ಬಂದು ಸೇರುವ ಇಂಟರ್‌ಫೇಸ್ ಭಾಗವನ್ನು ಮುಟ್ಟುವುದೇ ಇಲ್ಲ, ಅದು ಕೆಟ್ಟಿದ್ದರೂ ಹಾಳೆ ಚೆನ್ನಾಗಿಯೇ ಬರಬಹುದು. ಟೆಸ್ಟ್ ಸರಿ ಬಂದು, ಕಂಪ್ಯೂಟರಿನಿಂದ ಕಳಿಸಿದಾಗ ಮಾತ್ರ ಸಾಲುಗಳು ಒಂದರ ಮೇಲೊಂದು ಬಿದ್ದರೆ ಆಟೋ ಲೈನ್ ಫೀಡ್ ಡಿಪ್ ಸ್ವಿಚ್ (ಸರ್ಕ್ಯೂಟ್ ಬೋರ್ಡ್ ಮೇಲಿನ ಪುಟ್ಟ ಸ್ವಿಚ್) ಆನ್ ಮಾಡಿ, ಆಗ ಪ್ರಿಂಟರ್ ತಾನೇ ಮುಂದಿನ ಸಾಲಿಗೆ ಹೋಗುತ್ತದೆ. ಟಿಆರ್‌ಎಸ್-80 ಥರದ ಹಳೆ ಕಂಪ್ಯೂಟರ್‌ಗಳು ಸಾಲಿನ ಕೊನೆಗೆ ಕ್ಯಾರಿಯೇಜ್ ರಿಟರ್ನ್ (ಹೆಡ್ ಸಾಲಿನ ಆರಂಭಕ್ಕೆ ಬರಲಿ ಅನ್ನುವ ಸೂಚನೆ) ಅಷ್ಟೇ ಕಳಿಸುತ್ತವೆ, ಪೇಪರ್ ಸರಿಸು ಅಂತ ಹೇಳುವುದಿಲ್ಲ. ಸಾಲುಗಳ ಮಧ್ಯೆ ಸುಮ್ನೆ ಒಂದೊಂದು ಖಾಲಿ ಸಾಲು ಬಂದರೆ ಆ ಸ್ವಿಚ್ಚನ್ನೇ ಆಫ್ ಮಾಡಿ. ಎಂಎಕ್ಸ್-80ಯಲ್ಲಿ ಸ್ವಿಚ್ ಒಳಗಡೆ ಇದೆ, ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಕಿತ್ತುಬಿಡಿ.